ಮಾಳಿಗೆ ತೋಡಿದ ನಾಲ್ವರು

ನಮ್ಮ ಬೀದರ ಕಡೆ ‘ಅಧಿಕಾರ’ ಎಂಬ ಮಾತು ಕಿವಿಗೆ ಬಿದ್ದರೆ ಜನರಿಗೆ ನೆನಪಾಗುವುದು ಒಂದು ಮೇಜು. ಮೇಜಿನ ಆಚೆ ಕುರ್ಚಿ, ಈಚೆ ಕೈಕಟ್ಟಿ ನಿಂತ ಮನುಷ್ಯ. ಕುರ್ಚಿಯಲ್ಲಿ ಕೂತವರು ಕಾಲಕಾಲಕ್ಕೆ ಬದಲಾಗಿದ್ದಾರೆ. ನಿಜಾಮರ ಆಡಳಿತದಲ್ಲಿ ಉರ್ದುವಿನಲ್ಲಿ ಹುಕುಂ ಬರೆಯುವ ತಹಸೀಲ್ದಾರ, ಹಳ್ಳಿಯಲ್ಲಿ ಪಟೇಲ, ಪಟವಾರಿ, ಕೆಲವೆಡೆ ಜಾಗೀರದಾರ. 1948ರ ಸೆಪ್ಟೆಂಬರಿನಲ್ಲಿ ಆ ಕಾಲ ಮುಗಿಯಿತು. 1956ರಲ್ಲಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆ ಬದಲಾಯಿತು, ಮೊಹರು ಬದಲಾಯಿತು. ಮೇಜು ಮಾತ್ರ ಇದ್ದಲ್ಲೇ ಇದೆ. ಸಹಿ ಬೇಕಾದವನು ಇಂದಿಗೂ ಈಚೆಯೇ ನಿಲ್ಲುತ್ತಾನೆ.

ಆದ್ದರಿಂದ ಕ್ರೈಸ್ತ ಶಾಸ್ತ್ರದಲ್ಲಿ ದೇವರ ಅಧಿಕಾರದ ಮಾತು ಬಂದಾಗ ನಮ್ಮವರು ಆಕಾಶದಲ್ಲಿಯೂ ಅಂಥದ್ದೇ ಒಂದು ದೊಡ್ಡ ಮೇಜನ್ನು ಕಲ್ಪಿಸಿಕೊಳ್ಳುವುದು ಸಹಜ. ಸಹಿ ಹಾಕಿದರೆ ಮಳೆ, ಹಾಕದಿದ್ದರೆ ಬರ. ನಾನು ವಾರವಿಡೀ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು, ಭಾನುವಾರ ಚರ್ಚಿನ ಹಿಂದಿನ ಸಾಲಿನಲ್ಲಿ ಕೂರುವವನು. ಎರಡೂ ಕಡೆ ಕೂತು ಕೇಳಿದ ಮೇಲೆ ನನಗೆ ಅನಿಸುವುದಿಷ್ಟು: ಆ ಗ್ರಂಥದಲ್ಲಿ ಅಧಿಕಾರ ಎಂಬುದಕ್ಕೆ ಮೇಜೇ ಇಲ್ಲ. ಅಧಿಕಾರ ಮತ್ತು ರಕ್ಷಣೆ ಅಲ್ಲಿ ಎರಡು ಬೇರೆ ಇಲಾಖೆಗಳಲ್ಲ. ಯಾವುದು ಬಿದ್ದವನನ್ನು ಎತ್ತುತ್ತದೆಯೋ ಅದಕ್ಕೆ ಮಾತ್ರ ಅಲ್ಲಿ ಅಧಿಕಾರವೆಂಬ ಹೆಸರು.

ಹೊಸ ಒಡಂಬಡಿಕೆ ಮೊದಲು ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಈ ವಿಷಯಕ್ಕೆ ಎರಡು ಪದಗಳು ಬರುತ್ತವೆ. ಒಂದು ‘ಎಕ್ಸೂಸಿಯಾ’, ಅಂದರೆ ಹಕ್ಕಿನಿಂದ ಬಂದ ಅಧಿಕಾರ. ಇನ್ನೊಂದು ‘ಡುನಾಮಿಸ್’, ಅಂದರೆ ಕೆಲಸ ಮಾಡಿ ತೋರಿಸುವ ಶಕ್ತಿ. ಹಿಂದೆ ಸೈಕಲ್ಲಿನ ಚಕ್ರಕ್ಕೆ ತಾಗಿಸಿ ದೀಪ ಹೊತ್ತಿಸುತ್ತಿದ್ದ ಡೈನಮೊ, ಬಾವಿ ತೋಡುವಾಗ ಬಂಡೆ ಸಿಡಿಸುವ ಡೈನಮೈಟ್ ಎರಡೂ ಹೆಸರುಗಳು ಆ ಎರಡನೆಯ ಪದದಿಂದಲೇ ಹುಟ್ಟಿದವು. ಒಂದು ಬೆಳಕು ಕೊಡುತ್ತದೆ, ಇನ್ನೊಂದು ಸೀಳುತ್ತದೆ. ದೇವರ ಶಕ್ತಿ ಯಾವ ಬಗೆಯದು ಎಂಬುದೇ ಪ್ರಶ್ನೆ.

ಇದಕ್ಕೆ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಪ್ರಸಂಗವೊಂದನ್ನು ನೋಡಬೇಕು. ಗಲಿಲಾಯ ಸರೋವರದ ದಂಡೆಯ ಕಪೆರ್ನೌಮ್ ಎಂಬ ಊರು. ಯೇಸು ಒಂದು ಮನೆಯೊಳಗೆ ಮಾತಾಡುತ್ತಿದ್ದಾನೆ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹೊರಸಿನ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲಾಗುವುದಿಲ್ಲ. ಅವರು ಮೇಲೆ ಹತ್ತಿ, ಮಾಳಿಗೆಯನ್ನು ತೋಡಿ, ಆ ತೂತಿನಿಂದ ರೋಗಿಯನ್ನು ಯೇಸುವಿನ ಮುಂದೆ ಇಳಿಸುತ್ತಾರೆ.

ಮಾಳಿಗೆಯನ್ನು ‘ತೋಡುವುದು’ ಎಂದರೆ ಬೆಂಗಳೂರಿನ ಓದುಗರಿಗೆ ವಿಚಿತ್ರವೆನಿಸಬಹುದು. ಭಾಲ್ಕಿಯ, ಔರಾದಿನ ಓದುಗರಿಗೆ ಹಾಗೆನಿಸದು. ಕಲ್ಲು ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಡ್ಡಿ, ಎಲ್ಲದರ ಮೇಲೆ ಒಂದು ಮೊಳ ಮಣ್ಣು: ಇದು ನಮ್ಮ ಹಳ್ಳಿಗಳ ಹಳೆಯ ಮನೆ. ಕಪೆರ್ನೌಮಿನ ಮನೆಗಳೂ ಹೀಗೆಯೇ ಇದ್ದವು. ಅಲ್ಲಿ ಉತ್ಖನನದಲ್ಲಿ ಸಿಕ್ಕ ಗೋಡೆಗಳು ಕರಿಯ ಬಸಾಲ್ಟ್ ಕಲ್ಲಿನವು. ನಮ್ಮ ಭಾಲ್ಕಿ, ಔರಾದಿನ ಕರಿಯ ನೆಲದ ಕೆಳಗಿರುವುದೂ ಬಸಾಲ್ಟೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ದಖ್ಖನ್ನಿನ ಲಾವಾ. ಆ ಕತೆ ನಮ್ಮ ಊರಿನ ಮನೆಯೊಂದರಲ್ಲಿ ನಡೆಯಿತೆಂದುಕೊಂಡರೂ ಕಲ್ಲು, ಮಣ್ಣು ಯಾವುದನ್ನೂ ಬದಲಿಸಬೇಕಾಗಿಲ್ಲ.

ರೋಗಿಯನ್ನು ಕಂಡ ಯೇಸು ಮೊದಲು ಅವನ ಪಾಪ ಕ್ಷಮಿಸಲ್ಪಟ್ಟಿದೆ ಎನ್ನುತ್ತಾನೆ. ಅಲ್ಲಿ ಕೂತಿದ್ದ ಶಾಸ್ತ್ರಿಗಳಿಗೆ ಸಿಟ್ಟು ಬರುತ್ತದೆ. ಕ್ಷಮಿಸುವ ಅಧಿಕಾರ ದೇವರೊಬ್ಬನದು, ಇವನು ಯಾರು? ಅವರ ಆಕ್ಷೇಪಣೆ ಕಾನೂನಿನ ಪ್ರಕಾರ ಸರಿಯಾದದ್ದೇ. ಯೇಸು ವಾದಕ್ಕೆ ಇಳಿಯುವುದಿಲ್ಲ. ತನಗೆ ಅಧಿಕಾರ ಉಂಟೆಂಬುದು ನಿಮಗೆ ತಿಳಿಯಲಿ ಎಂದು ಹೇಳಿ, ಆ ಮನುಷ್ಯನಿಗೆ ಎದ್ದು ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು ಎನ್ನುತ್ತಾನೆ. ಅವನು ಎದ್ದು ಹೋಗುತ್ತಾನೆ.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಕಾರ್ಯ’ ಎಂಬ ಪಾಠ ಮಾಡುವಾಗ ನಾವೊಂದು ಮಾತು ಹೇಳುತ್ತೇವೆ. ದಿನವಿಡೀ ಗೋಡೆಯನ್ನು ನೂಕಿ ಬೆವರು ಸುರಿಸಿದರೂ ಗೋಡೆ ಕದಲದಿದ್ದರೆ ವಿಜ್ಞಾನದ ಲೆಕ್ಕದಲ್ಲಿ ನೀವು ಮಾಡಿದ ಕಾರ್ಯ ಸೊನ್ನೆ. ಬಲ ಎಷ್ಟೇ ಇರಲಿ, ಏನಾದರೂ ಸ್ಥಾನ ಬದಲಿಸಬೇಕು. ಮಾರ್ಕನು ಬರೆದದ್ದು ವಿಜ್ಞಾನವಲ್ಲ. ಆದರೆ ಅವನು ಕೊಡುವ ಸಾಕ್ಷ್ಯವೂ ಇಂಥದ್ದೇ. ನೆಲದ ಮೇಲೆ ಮಲಗಿದ್ದವನು ಬಾಗಿಲು ದಾಟಿ ಹೊರಗೆ ನಡೆದ. ಅಧಿಕಾರ ಇತ್ತೋ ಇಲ್ಲವೋ ಎಂಬುದಕ್ಕೆ ಬೇರೆ ದಾಖಲೆ ಅವನಿಗೆ ಬೇಕಾಗಿಲ್ಲ. ‘ರಕ್ಷಿಸು’ ಎಂಬುದಕ್ಕೆ ಸುವಾರ್ತೆಗಳಲ್ಲಿ ಬರುವ ಗ್ರೀಕ್ ಪದಕ್ಕೆ ‘ವಾಸಿ ಮಾಡು’ ಎಂಬ ಅರ್ಥವೂ ಇದೆ. ‘ಯೇಸು’ ಎಂಬ ಹೆಸರಿನ ಇಬ್ರಿಯ ಮೂಲವೇ ರಕ್ಷಣೆಗೆ ಸಂಬಂಧಿಸಿದ್ದು.

ಈ ಮಾತು ನಮ್ಮ ಜಿಲ್ಲೆಗೆ ತಲುಪಿದ ಬಗೆಯನ್ನೂ ಹೇಳಬೇಕು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅಮೆರಿಕದ ಮೆಥೋಡಿಸ್ಟ್ ಮಿಷನ್ ಬೀದರಿನ ಕಡೆ ಕೆಲಸ ಹಿಡಿದದ್ದು ಬಹಳ ತಡವಾಗಿ. ಕೇಳಿದವರು ಹೆಚ್ಚಾಗಿ ಊರ ಹೊರಗಿನ ಕೇರಿಗಳವರು. ಬಿಟ್ಟಿ ದುಡಿದವರು, ಪಟೇಲನ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು. ‘ಪ್ರಭು’ ಎಂಬ ಪದದ ಅರ್ಥ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಪ್ರಭುವೊಬ್ಬನು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಆಳುಗಳಂಥವರ ಕಾಲು ತೊಳೆದನೆಂಬ ಯೋಹಾನನ ಸುವಾರ್ತೆಯ ಸಂಗತಿಯನ್ನು ಅವರು ಹೇಗೆ ಕೇಳಿರಬೇಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಲು ತೊಳೆಯುವ ಕೆಲಸ ಯಾರ ಪಾಲಿನದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕುರ್ಚಿಯಿಲ್ಲದ ಅಧಿಕಾರ ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಮಕ್ಕಳೂ ಬಲ್ಲರು. 1999ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರ ಮಾತಿಗೆ ಜನ ತಲೆಬಾಗುತ್ತಿದ್ದುದು ಯಾವ ಹುದ್ದೆಗೂ ಅಲ್ಲ. ಬೇರೆ ಮಾರ್ಗದ ಹಿರಿಯರೊಬ್ಬರನ್ನು ಇಲ್ಲಿ ನೆನೆದದ್ದು, ಅಧಿಕಾರಕ್ಕೆ ಇನ್ನೊಂದು ಅರ್ಥ ಉಂಟೆಂದು ನಾವು ಕಣ್ಣಾರೆ ಕಂಡಿದ್ದೇವೆ ಎಂಬುದಕ್ಕೆ.

ಇಷ್ಟಾದರೂ ಗಟ್ಟಿ ಪ್ರಶ್ನೆ ಇನ್ನೂ ಉಳಿಯುತ್ತದೆ. ನಮ್ಮ ಪೀಳಿಗೆಯವರಿಗೆ ಅದು ಎದುರಾದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ. ಭಾಲ್ಕಿಯಿಂದ ನೇರ ಪಶ್ಚಿಮಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ 70 ಕಿಲೋಮೀಟರಿನೊಳಗೆ, ಮಹಾರಾಷ್ಟ್ರದ ಕಿಲ್ಲಾರಿ. ಹಿಂದಿನ ರಾತ್ರಿ ಗಣಪತಿ ವಿಸರ್ಜನೆ ಮುಗಿಸಿ ಜನ ದಣಿದು ಮಲಗಿದ್ದರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಒಂದು ಲೆಕ್ಕದಲ್ಲಿ ಸುಮಾರು 8,000, ಇನ್ನೊಂದು ಲೆಕ್ಕದಲ್ಲಿ 10,000ದ ಹತ್ತಿರ. ನಾನಾಗ ಬಿಎಸ್ಸಿ ಮುಗಿಸಿ ಭಾಲ್ಕಿಯಲ್ಲಿದ್ದೆ. ಅಡುಗೆ ಮನೆಯ ಪಾತ್ರೆಗಳು ಒಂದೇ ಸಮನೆ ಸದ್ದು ಮಾಡಿದವು. ಓಣಿಯ ಜನರೆಲ್ಲ ರಸ್ತೆಗೆ ಬಂದೆವು. ಮಾರನೆಯ ದಿನ ಗುದ್ದಲಿ, ಸಲಿಕೆ, ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟ ಲಾರಿಯೊಂದರಲ್ಲಿ ನಾನೂ ಹೋದೆ.

ಅಲ್ಲಿ ಕಂಡದ್ದನ್ನು ಬಣ್ಣಿಸಲು ಹೋಗುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಕಾಣುವಂಥದ್ದೊಂದನ್ನು ಮಾತ್ರ ಹೇಳುತ್ತೇನೆ. ಅಲ್ಲಿ ಜನರನ್ನು ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಒಂದಷ್ಟು ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ಇಳಿಸುವುದಿಲ್ಲ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯ ಮೇಲೆ ಅರ್ಧ ಮೀಟರ್ ಮಣ್ಣಿದ್ದರೆ ಅದರ ತೂಕ ಏಳು ಟನ್. ಕೆಳಗಿನ ಗೋಡೆಯೋ, ಗುಂಡು ಕಲ್ಲನ್ನು ಕೆಸರಿನಲ್ಲಿ ಕೂರಿಸಿದ್ದು. ಒಳಮುಖ, ಹೊರಮುಖಗಳನ್ನು ಹಿಡಿದಿಡುವ ಅಡ್ಡಕಲ್ಲಿಲ್ಲ. ನೆಲ ಅಲುಗಿದಾಗ ಗೋಡೆ ಎರಡಾಗಿ ಸೀಳಿತು, ಏಳು ಟನ್ ಮಲಗಿದವರ ಮೇಲೆ ಬಂತು. ಪಕ್ಕದಲ್ಲೇ ಹುಲ್ಲಿನ ಗುಡಿಸಲುಗಳು ನಿಂತಿದ್ದವು.

ವಾಪಸು ಬಂದ ಮೇಲೆ ಎಲ್ಲೆಲ್ಲೂ ಒಂದೇ ಮಾತು. ಹೋಟೆಲಿನಲ್ಲಿ ಯಾರೋ ದೇವಿಗೆ ಕೋಪ ಬಂದಿದೆ ಎಂದರು. ಔರಾದ ತಾಲೂಕಿನ ನಮ್ಮ ಹಳ್ಳಿಯ ಪ್ರಾರ್ಥನಾ ಕೂಟದಲ್ಲಿ, ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಇದು ದೇವರ ತೀರ್ಪು, ಆತನ ಅಧಿಕಾರಕ್ಕೆ ಇದೇ ಸಾಕ್ಷಿ ಎಂದು ಗುಡುಗಿದರು. ಇಬ್ಬರ ಮಾತಿನ ಹಿಂದೆಯೂ ಅದೇ ಮೇಜು, ಅದೇ ಕುರ್ಚಿ. ಗುಡಿಸಲಿನವರು ಉಳಿದರಲ್ಲ, ಗೋಡೆಯವರು ಹೋದರಲ್ಲ ಎಂದು ಅದರಲ್ಲೊಂದು ನ್ಯಾಯ ಹುಡುಕಿದವರೂ ಇದ್ದರು. ಆದರೆ ಮಣ್ಣಿನಡಿಯಿಂದ ನಾವು ಎತ್ತಿದವರಲ್ಲಿ ತೊಟ್ಟಿಲಿನ ಕೂಸುಗಳಿದ್ದವು. ಅವಕ್ಕೆ ಯಾವ ತೀರ್ಪು?

ಈ ಬಗೆಯ ಮಾತನ್ನು ಸ್ವತಃ ಶಾಸ್ತ್ರವೇ ತಡೆಯುತ್ತದೆ ಎಂಬುದನ್ನು ಆ ದಿನಗಳಲ್ಲಿ ನಾನು ಹುಡುಕಿ ಓದಿದೆ. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಿಲೊವಾಮ್ ಎಂಬಲ್ಲಿ ಗೋಪುರ ಕುಸಿದು 18 ಜನ ಸತ್ತ ಸುದ್ದಿ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಪಾಪಿಗಳೆಂದು ತಿಳಿದಿರಾ ಎಂದು ಯೇಸು ಕೇಳುತ್ತಾನೆ, ಹಾಗಲ್ಲವೆಂದು ತಾನೇ ಉತ್ತರಿಸುತ್ತಾನೆ. ಸತ್ತವರನ್ನು ಬಿಟ್ಟು ಬದುಕಿರುವವರ ಮನಸ್ಸು ತಿರುಗಬೇಕೆನ್ನುತ್ತಾನೆ. ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯನ ಕತೆಯೂ ಹಾಗೆಯೇ. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ ಬರುತ್ತದೆ, ಭೂಕಂಪ ಆಗುತ್ತದೆ, ಬೆಂಕಿ ಬರುತ್ತದೆ. ದೇವರು ಮೂರರಲ್ಲಿಯೂ ಇರಲಿಲ್ಲ ಎಂದು ಗ್ರಂಥ ಬಿಡಿಸಿ ಹೇಳುತ್ತದೆ. ಆಮೇಲೆ ಕೇಳಿಸಿದ್ದು ಬಹಳ ಮೆಲ್ಲನೆಯ ಒಂದು ಧ್ವನಿ.

ಆದರೆ ಆ ಕೂಟ ಮುಗಿದ ರಾತ್ರಿ ನನಗೆ ಇವೆಲ್ಲ ತಿಳಿದಿರಲಿಲ್ಲ. ಮನೆಯಲ್ಲಿ ಆಯಿ ಇದ್ದಳು, ನನ್ನ ತಂದೆಯ ತಾಯಿ. ಅಕ್ಷರ ಬಾರದವಳು. ಹಾಡು ಕೇಳಿ, ಪ್ರಸಂಗ ಕೇಳಿ ಸುವಾರ್ತೆಗಳ ಕತೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಸಿಟ್ಟಿನಲ್ಲಿ ಅವಳನ್ನೇ ಕೇಳಿದೆ. “ಆಯಿ, ದೇವ್ರಿಗಿ ಅಷ್ಟ್ ಅಧಿಕಾರ ಇದ್ರ ಆ ಮಾಳಗಿ ಯಾಕ ಹಿಡೀಲಿಲ್ಲ?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ದೇವ್ರು ಮಾಳಗಿ ಮ್ಯಾಲ ಕುಂತಾನಂತ ನಿನಗ ಯಾರ್ ಹೇಳ್ಯಾರಪಾ? ಅವ ಮಾಳಗಿ ಬುಡಕ ಅದಾನ. ನೀ ಮಣ್ಣ ತೆಗೀಲಾಕ ಹೋಗಿದ್ದಿ ಅಲಾ, ಅವನ್ನೇ ತೆಗದಿ.”

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ. ಯೋಬನ ಗ್ರಂಥದಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನಿಗೂ ಕಾರಣ ಕೊಡಲ್ಪಡುವುದಿಲ್ಲ. ಆದರೆ ಆಯಿಯ ಮಾತು ಗ್ರಂಥಕ್ಕೆ ಹೊರತಾದದ್ದಲ್ಲ. ಹಸಿದವನಿಗೆ, ಬತ್ತಲೆಯಾದವನಿಗೆ, ಸೆರೆಯಲ್ಲಿದ್ದವನಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಎಂದು ಅರಸನೊಬ್ಬ ಹೇಳುವ ಸಂಗತಿ ಮತ್ತಾಯನಲ್ಲಿದೆ. ಯೇಸುವಿನ ವಿಚಾರಣೆಯ ದಿನ ರೋಮನ್ ಅಧಿಪತಿ ಪಿಲಾತನು ನಿನ್ನನ್ನು ಬಿಡುವ ಅಧಿಕಾರವೂ ಕೊಲ್ಲುವ ಅಧಿಕಾರವೂ ನನಗುಂಟೆಂದು ಕುರ್ಚಿಯ ಮಾತನ್ನೇ ಆಡುತ್ತಾನೆ. ಮೇಲಿನಿಂದ ಕೊಡದಿದ್ದರೆ ಅದೂ ನಿನಗಿರುತ್ತಿರಲಿಲ್ಲ ಎಂದು ಯೇಸು ಅಷ್ಟೇ ಹೇಳಿ ಸುಮ್ಮನಾಗುತ್ತಾನೆ, ಶಿಲುಬೆಗೆ ಹೋಗುತ್ತಾನೆ. ಕ್ರೈಸ್ತರು ದೇವರ ಅಧಿಕಾರವನ್ನು ನೋಡಲು ಕಣ್ಣೆತ್ತುವುದು ಆ ಶಿಲುಬೆಯ ಕಡೆಗೆ, ಭಾರ ತನ್ನ ಮೇಲೇ ಬಿದ್ದವನ ಕಡೆಗೆ. ಮೂರನೆಯ ದಿನ ಎದ್ದನೆಂಬುದು ನಮ್ಮ ನಂಬಿಕೆ. ಆದರೆ ಮೊದಲು ಕೆಳಗೆ ಹೋದನು.

ಹಾಗಾದರೆ ಗಾಳಿ, ಸಮುದ್ರಗಳನ್ನು ಯೇಸು ಗದರಿಸಿ ಶಾಂತಗೊಳಿಸಿದ್ದು? ಅದೂ ಅದೇ ಮಾರ್ಕನಲ್ಲಿದೆ, ಅದನ್ನು ಮರೆಮಾಚುವುದು ಬೇಡ. ಆದರೆ ಅದೇ ಗ್ರಂಥದ ಅಪೊಸ್ತಲರ ಕೃತ್ಯಗಳಲ್ಲಿ ಪೌಲನಿದ್ದ ಹಡಗಿಗೆ ಬಿರುಗಾಳಿ ಹಿಡಿದಾಗ ಗಾಳಿ ನಿಲ್ಲುವುದಿಲ್ಲ. ಎರಡು ವಾರ ಬೀಸುತ್ತದೆ, ಹಡಗು ಒಡೆಯುತ್ತದೆ. ಈಜು ಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು, 276 ಜನವೂ ದಡ ಸೇರುತ್ತಾರೆ. ಇದನ್ನೂ ಗ್ರಂಥ ರಕ್ಷಣೆಯೆಂದೇ ಎಣಿಸುತ್ತದೆ. ಅದಕ್ಕೂ ಮೊದಲು ಫಿಲಿಪ್ಪಿಯಲ್ಲಿ ಭೂಕಂಪವಾಗಿ ಸೆರೆಮನೆಯ ಬಾಗಿಲುಗಳು ತೆರೆದಾಗ, ಕೈದಿಗಳು ಓಡಿಹೋದರೆಂದು ಹೆದರಿದ ಜೈಲಿನ ಅಧಿಕಾರಿ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ನಾವೆಲ್ಲರೂ ಇಲ್ಲೇ ಇದ್ದೇವೆಂದು ಕತ್ತಲೊಳಗಿಂದ ಕೂಗಿ ತಡೆಯುವವನು ಸೆರೆಯಲ್ಲಿದ್ದ ಪೌಲ. ಭೂಕಂಪ ಬಾಗಿಲು ತೆರೆಯಿತು, ಒಂದು ಜೀವ ಉಳಿಸಿದ್ದು ಆ ಕೂಗು. ಬಾಗಿಲು ತೆರೆದರೂ ಪೌಲನು ಆ ಅಧಿಕಾರಿಯ ಸಲುವಾಗಿ ಓಡದೆ ನಿಂತ.

ರಕ್ಷಣೆ ಎಂದರೆ ಲಾಭ ಎಂದು ತಿಳಿದವರೂ ಇದ್ದಾರೆ. ಹಾಲಿನ ಪುಡಿಗೆ ಧರ್ಮ ಬಿಟ್ಟವರು ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಲೆಕ್ಕ ಹಾಕುವುದಾದರೆ ಇನ್ನೊಂದು ಬದಿಯನ್ನೂ ನೋಡಬೇಕು. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರಲ್ಲಿ ಸೇರಿದರು, ಕ್ರೈಸ್ತರು ಸೇರಲಿಲ್ಲ. ಕೇರಿ ಬದಲಾಗಲಿಲ್ಲ, ಕೇರಿಯನ್ನು ನೋಡುವ ಕಣ್ಣು ಬದಲಾಗಲಿಲ್ಲ, ಕಾಗದ ಮಾತ್ರ ಬದಲಾಯಿತು. ಮೇಜಿನ ಮುಂದೆ ನಿಂತು ತನ್ನ ಧರ್ಮದ ಹೆಸರನ್ನು ಹೇಳುವ ಹುಡುಗನಿಗೆ ಆ ಹೆಸರಿನ ಬೆಲೆ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳುವವರಿದ್ದಾರೆ. ಅವರ ಪಾಲಿಗೆ ಮೇಜಿನಾಚೆಯ ಅಧಿಕಾರ ಕೊನೆಯದಲ್ಲ.

ಕಿಲ್ಲಾರಿಯ ನಂತರ ತಜ್ಞರು ಬಹಳಷ್ಟು ಕಲಿತರು. ದಖ್ಖನ್ ಪ್ರಸ್ಥಭೂಮಿ ಅಲುಗಾಡದು ಎಂಬ ಭರವಸೆ ಹೋಯಿತು. ಆ ಊರನ್ನು ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿ ಇಟ್ಟಿದ್ದ ಭೂಕಂಪ ನಕ್ಷೆಯನ್ನು 2002ರಲ್ಲಿ ಪರಿಷ್ಕರಿಸಿ ಆ ವಲಯವನ್ನೇ ತೆಗೆದುಹಾಕಿದರು. ಹಳೆಯ ಮನೆಗಳಿಗೆ ಅವರು ಹೇಳಿದ ಉಪಾಯಗಳು ಸರಳವಾದವು. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ, ಗೋಡೆಯ ಎರಡು ಮುಖಗಳನ್ನು ಹಿಡಿಯುವ ಅಡ್ಡಕಲ್ಲು ಕೂರಿಸಿ, ಕಂಬ ತೊಲೆಗಳು ಕೂಡುವಲ್ಲಿ ಓರೆಯಾಗಿ ಆಸರೆ ಕೊಡಿ. ಇದನ್ನು ನಾನು ಪ್ರತಿ ವರ್ಷ ಭೂಕಂಪದ ಪಾಠದ ದಿನ ಮಕ್ಕಳಿಗೆ ಹೇಳಿ, ಮನೆಗೆ ಹೋಗಿ ನಿಮ್ಮ ಮುತ್ಯಾನಿಗೆ ಹೇಳಿರಿ ಎನ್ನುತ್ತೇನೆ. ಒಬ್ಬಿಬ್ಬರು ಮುತ್ಯಾರು ಮಣ್ಣು ಇಳಿಸಿದ್ದೂ ಉಂಟು. ನನ್ನ ಲೆಕ್ಕದಲ್ಲಿ ಅದೂ ರಕ್ಷಣೆಯ ಕೆಲಸ, ಅದಕ್ಕೂ ಒಂದು ಅಧಿಕಾರ ಉಂಟು.

ಕಪೆರ್ನೌಮಿನ ಆ ನಾಲ್ವರ ಹೆಸರನ್ನು ಮಾರ್ಕನು ಬರೆದಿಲ್ಲ. ರೋಗಿಯ ನಂಬಿಕೆಯನ್ನಲ್ಲ, ಅವರೆಲ್ಲರ ನಂಬಿಕೆಯನ್ನು ಕಂಡು ಯೇಸು ಮಾತಾಡಿದನೆಂದು ಮಾತ್ರ ಹೇಳುತ್ತಾನೆ. ಅವರ ಕೈಯ ಮಣ್ಣೇ ಆ ನಂಬಿಕೆ. ನನಗೆ ಇತ್ತೀಚೆಗೆ ಹೆಚ್ಚು ನೆನಪಾಗುವವನು ಆ ಮನೆಯ ಯಜಮಾನ. ಮಳೆಗಾಲ ಬಂದೇ ಬರುತ್ತಿತ್ತು, ಮಾಳಿಗೆಯಲ್ಲಿ ಮನುಷ್ಯ ಇಳಿಯುವಷ್ಟು ತೂತು. ಆದರೂ ಅವನು ಜಗಳಕ್ಕೆ ನಿಂತನೆಂದು ಮಾರ್ಕನು ಎಲ್ಲಿಯೂ ಬರೆದಿಲ್ಲ.